ಸೂಜಿ ಚುಚ್ಚಿದಾಗ ಸುಮ್ಮನಿರಬೇಡಿ



ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. 1992ರಲ್ಲಿ ಪೋಪ್ ಎರಡನೇ ಜಾನ್ ಪೌಲರು ಈ ಹಬ್ಬದ ದಿನವನ್ನೇ ವಿಶ್ವ ರೋಗಿಗಳ ದಿನವೆಂದು ಸಾರಿದರು. 1993ರಿಂದ ಅದನ್ನು ಆಚರಿಸುತ್ತಾ ಬಂದಿದ್ದೇವೆ. ಅಂದು ರೋಗಿಗಳಿಗಾಗಿ ಪ್ರಾರ್ಥಿಸುತ್ತೇವೆ. ಅವರ ಮಂಚದ ಪಕ್ಕದಲ್ಲಿ ನಿಂತ ದಾದಿಯರನ್ನು ಮಾತ್ರ ಕೊನೆಯಲ್ಲಿ ಒಂದು ಮಾತಿನಲ್ಲಿ ನೆನೆದು ಮುಗಿಸಿಬಿಡುತ್ತೇವೆ. ಈ ಸಲ ಅವರ ವಿಷಯವನ್ನೇ ಧ್ಯಾನಿಸೋಣ.

ಐಗಳಿ, ತೆಲಸಂಗದ ಕಡೆಯವರು ಕಾಯಿಲೆ ಬಿದ್ದರೆ ಮೊದಲು ಅಥಣಿಗೆ, ಅಲ್ಲಿ ಆಗದಿದ್ದರೆ ಮಿರಜಕ್ಕೋ ಬೆಳಗಾವಿಗೋ ಹೋಗುತ್ತಾರೆ. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಅವರು ಮಿರಜದಲ್ಲಿ ಮಿಶನ್ ಆಸ್ಪತ್ರೆ ತೆರೆದಂದಿನಿಂದ ಮಿರಜದ ದವಾಖಾನೆ ಈ ಗಡಿಭಾಗದವರಿಗೆ ಪರಿಚಿತ. ನಮ್ಮ ಹೆಣ್ಣುಮಕ್ಕಳು ನರ್ಸಿಂಗ್ ಕಲಿತು ಕೆಲಸಕ್ಕೆ ಸೇರುವುದೂ ಇಂಥ ಊರುಗಳಲ್ಲಿಯೇ. ಮಗಳಿಗೆ ಕೆಲಸ ಸಿಕ್ಕಿತೆಂದು ಸಂತೋಷಪಡುವ ತಂದೆತಾಯಿಗಳು ಆ ಕೆಲಸದಲ್ಲಿರುವ ಒಂದು ಅಪಾಯವನ್ನೂ ತಿಳಿದಿರಬೇಕು.

ರಾತ್ರಿಪಾಳಿಯಲ್ಲಿ ಒಬ್ಬಳೇ ನರ್ಸು ಹತ್ತಾರು ರೋಗಿಗಳನ್ನು ನೋಡಿಕೊಳ್ಳುತ್ತಿರುತ್ತಾಳೆ. ಇಂಜೆಕ್ಷನ್ ಕೊಟ್ಟು, ಅವಸರದಲ್ಲಿ ಸೂಜಿಗೆ ಮತ್ತೆ ಮುಚ್ಚಳ ಹಾಕುವಾಗ ಅದು ಬೆರಳಿಗೆ ಚುಚ್ಚುತ್ತದೆ. ಹೆರಿಗೆಯ ಕೋಣೆಯಲ್ಲಿ ರಕ್ತ ಕಣ್ಣಿಗೆ ಸಿಡಿಯುತ್ತದೆ. ಕಸದ ಚೀಲದಲ್ಲಿ ಯಾರೋ ಹಾಕಿದ ಸೂಜಿ ಗುಡಿಸುವ ಆಯಾಳ ಕೈಗೆ ನಾಟುತ್ತದೆ. ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 30 ಲಕ್ಷ ಆರೋಗ್ಯ ಕಾರ್ಯಕರ್ತರಿಗೆ ರಕ್ತದಿಂದ ಹರಡುವ ರೋಗಾಣುಗಳು ಹೀಗೆ ಸೂಜಿ, ಬ್ಲೇಡುಗಳ ಮೂಲಕ ತಾಗುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿಯೇ ಅಂದಾಜು ಮಾಡಿತ್ತು.

ಹಾಗೆಂದು ಚುಚ್ಚಿದ ಪ್ರತಿ ಸೂಜಿಯೂ ರೋಗ ತರುವುದಿಲ್ಲ. ರೋಗಿಗೆ ಎಚ್‌ಐವಿ ಇದ್ದಾಗ ಕೂಡ ಇಂಥ 1000 ಚುಚ್ಚುಗಳಲ್ಲಿ ಸುಮಾರು 3ರಿಂದ ಮಾತ್ರ ಸೋಂಕು ತಗಲುತ್ತದೆ. ಹೆಪಟೈಟಿಸ್ ಸಿ ಆದರೆ 100ರಲ್ಲಿ ಸುಮಾರು 2. ಹೆಪಟೈಟಿಸ್ ಬಿ ಎಂಬ ಯಕೃತ್ತಿನ ರೋಗವಾದರೆ, ಲಸಿಕೆ ಪಡೆಯದವರಲ್ಲಿ 100ಕ್ಕೆ 6ರಿಂದ 30. ಜನರು ಹೆಚ್ಚು ಹೆದರುವುದು ಎಚ್‌ಐವಿಗೆ. ಹೆಚ್ಚು ಸುಲಭವಾಗಿ ತಗಲುವುದು ಹೆಪಟೈಟಿಸ್ ಬಿ. ಅದಕ್ಕೆ ಒಳ್ಳೆಯ ಲಸಿಕೆಯೂ ಇದೆ: ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ, ಹೀಗೆ ಮೂರು ಡೋಸು.

ಚುಚ್ಚಿದಾಗ ಮಾಡಬೇಕಾದದ್ದು ಇಷ್ಟು. ಹರಿಯುವ ನೀರು ಮತ್ತು ಸಾಬೂನಿನಿಂದ ತೊಳೆಯಬೇಕು. ಹಿಂಡಬಾರದು, ಬಾಯಿಯಿಂದ ಹೀರಬಾರದು, ಬ್ಲೀಚಿಂಗ್ ಹಾಕಬಾರದು. ಕಣ್ಣಿಗೆ ರಕ್ತ ಸಿಡಿದರೆ ಬರೀ ನೀರಿನಿಂದ ಚೆನ್ನಾಗಿ ತೊಳೆಯಬೇಕು. ಕೂಡಲೇ ಮೇಲಿನವರಿಗೆ ತಿಳಿಸಿ, ರಿಜಿಸ್ಟರಿನಲ್ಲಿ ಬರೆಸಿ, ರಕ್ತ ಪರೀಕ್ಷೆ ಮಾಡಿಸಬೇಕು. ಎಚ್‌ಐವಿ ಸಂಶಯವಿದ್ದರೆ ತಡೆಗಟ್ಟುವ ಮಾತ್ರೆಯನ್ನು ಸಾಧ್ಯವಾದರೆ 2 ಗಂಟೆಯೊಳಗೆ, ಏನೇ ಆದರೂ 72 ಗಂಟೆಯೊಳಗೆ ಆರಂಭಿಸಿ 28 ದಿನ ತೆಗೆದುಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಅಥವಾ ಎಆರ್‌ಟಿ ಕೇಂದ್ರದಲ್ಲಿ ಇದನ್ನು ಕೇಳಬೇಕು.

ಇಷ್ಟೆಲ್ಲ ಇದ್ದೂ ಅನೇಕರು ಹೇಳುವುದೇ ಇಲ್ಲ. ನಿನ್ನದೇ ಅಜಾಗರೂಕತೆ ಎಂದು ಬೈಯುತ್ತಾರೆಂಬ ಭಯ. ಕೆಲಸ ಹೋಗುತ್ತದೆಂಬ ಭಯ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳು ಎಚ್‌ಐವಿಯ ನೋವನ್ನು ಬಹಳ ಉಂಡಿವೆ. ಇಲ್ಲಿ ಆ ಹೆಸರು ಕಿವಿಗೆ ಬಿದ್ದರೆ ಸಾಕು, ಹುಡುಗಿಯ ಮದುವೆಯ ಮಾತು ನಿಂತುಹೋಗುತ್ತದೆಂಬ ಭಯ. ಆ ಮೌನದಲ್ಲಿಯೇ 72 ಗಂಟೆ ಕಳೆದುಹೋಗುತ್ತವೆ. ಪ್ರಿಯರೇ, ಆ ಭಯವನ್ನು ಹುಟ್ಟಿಸಿದವರು ನಾವು. ಆದ್ದರಿಂದ ಅದನ್ನು ಹೋಗಲಾಡಿಸಬೇಕಾದವರೂ ನಾವೇ.

ಸೇವೆಯೆಂದರೆ ತ್ಯಾಗ, ದೇವರು ಕಾಯುತ್ತಾರೆ ಎಂದು ಕೆಲವರು ಹೇಳಬಹುದು. 1976ರಲ್ಲಿ ಕಾಂಗೋ ದೇಶದ ಯಾಂಬುಕು ಎಂಬಲ್ಲಿ ಧರ್ಮಭಗಿನಿಯರು ನಡೆಸುತ್ತಿದ್ದ ಮಿಶನ್ ಆಸ್ಪತ್ರೆಯಲ್ಲಿ ದಿನಕ್ಕೆ ಕೇವಲ 5 ಸೂಜಿ, ಸಿರಿಂಜುಗಳಿದ್ದವು. ಅವುಗಳನ್ನೇ ಎಲ್ಲರಿಗೂ ಬಳಸುತ್ತಿದ್ದರು. ಆಗ ಮೊದಲ ಬಾರಿಗೆ ಕಂಡುಬಂದ ಎಬೋಲಾ ರೋಗ ಆ ಭಾಗದಲ್ಲಿ 318 ಜನರಿಗೆ ತಗಲಿತು. 280 ಮಂದಿ ತೀರಿಕೊಂಡರು. ಆಸ್ಪತ್ರೆಯ 17 ಸಿಬ್ಬಂದಿಯಲ್ಲಿ 11 ಮಂದಿ ಉಳಿಯಲಿಲ್ಲ. ಅವರಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ, ಕೊರತೆಯಿದ್ದದ್ದು ಶುದ್ಧವಾದ ಸೂಜಿಗೆ. ನಮ್ಮ ನೆರೆಯ ಕೇರಳದಲ್ಲಿ 2018ರ ಮೇ ತಿಂಗಳಲ್ಲಿ ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ ನಿಪಾ ರೋಗಿಯ ಆರೈಕೆ ಮಾಡಿ ಅದೇ ರೋಗದಿಂದ ತೀರಿಕೊಂಡರು. ಇಂಥವರನ್ನು ನಾವು ಗೌರವಿಸುತ್ತೇವೆ. ಆದರೆ ಕೈಗವಸು ಒದಗಿಸದೆ ತ್ಯಾಗವನ್ನು ಮಾತ್ರ ಹೊಗಳುವುದು ನ್ಯಾಯವಲ್ಲ.

ಸಂತ ಲೂಕರ ಶುಭಸಂದೇಶದ ಸಮಾರಿಯದವನನ್ನು ನೆನೆಯಿರಿ. ಗಾಯಾಳುವಿಗೆ ಎಣ್ಣೆ ಹಚ್ಚಿ ಪಟ್ಟಿ ಕಟ್ಟಿದ್ದನ್ನು ಎಲ್ಲರೂ ಹೇಳುತ್ತೇವೆ. ಆತ ಛತ್ರದವನಿಗೆ ಎರಡು ನಾಣ್ಯ ಕೊಟ್ಟು, ಹೆಚ್ಚಿಗೆ ಖರ್ಚಾದರೆ ಮರಳಿ ಬಂದಾಗ ತಾನೇ ತೀರಿಸುವೆನೆಂದು ಮಾತು ಕೊಟ್ಟದ್ದನ್ನು ಮರೆಯುತ್ತೇವೆ. ಆರೈಕೆ ಮಾಡುವವನ ಮೇಲೆಯೇ ಆರೈಕೆಯ ನಷ್ಟವನ್ನು ಹೊರಿಸಬಾರದೆಂಬುದು ಆ ಸಾಮತಿಯಲ್ಲಿಯೇ ಇದೆ.

ನಮ್ಮ ಕಾನೂನೂ ಇದನ್ನೇ ಹೇಳುತ್ತದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ತ್ಯಾಜ್ಯ ಮುಟ್ಟುವ ಎಲ್ಲ ಸಿಬ್ಬಂದಿಗೂ ಆಸ್ಪತ್ರೆಯೇ ಹೆಪಟೈಟಿಸ್ ಬಿ ಲಸಿಕೆ ಹಾಕಿಸಬೇಕು, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸಬೇಕು, ಸೂಜಿಗಳಿಗೆ ಚುಚ್ಚಿ ಹೊರಬರದಂಥ ಬಿಳಿ ಡಬ್ಬಿ ಇಡಬೇಕು. 2017ರ ಎಚ್‌ಐವಿ ಕಾಯ್ದೆಯಂತೆ ರಕ್ಷಣಾ ಸಾಧನ, ತರಬೇತಿ ಮತ್ತು ಆ 28 ದಿನದ ಔಷಧ ಒದಗಿಸುವುದು ಆಸ್ಪತ್ರೆಯ ಹೊಣೆ. ಮುಂದೆ ಪರಿಹಾರ ಕೇಳಬೇಕಾಗಿ ಬಂದರೆ ರಿಜಿಸ್ಟರಿನ ಆ ಒಂದು ಸಾಲೇ ಸಾಕ್ಷಿ.

ಹಾಗಾದರೆ ನಮ್ಮ ಕುಟುಂಬಗಳು ಏನು ಮಾಡಬಹುದು? ಮನೆಯಲ್ಲಿ ನರ್ಸು, ಲ್ಯಾಬ್ ಕೆಲಸಗಾರ, ವಾರ್ಡ್ ಆಯಾ ಯಾರೇ ಇರಲಿ, ಮೂರು ಡೋಸು ಲಸಿಕೆ ಆಯಿತೇ ಎಂದು ಇಂದೇ ಕೇಳಿರಿ. ಸೂಜಿ ಚುಚ್ಚಿತೆಂದು ಮಗಳು ಫೋನು ಮಾಡಿದರೆ, ಏಕೆ ಹೀಗಾಯಿತೆಂದು ಬೈಯುವ ಬದಲು, ಎಷ್ಟು ಹೊತ್ತಾಯಿತು, ವೈದ್ಯರಿಗೆ ಹೇಳಿದೆಯಾ ಎಂದು ಕೇಳಿರಿ. ಸಕ್ಕರೆ ಕಾಯಿಲೆಗೆ ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರು ಸೂಜಿಯನ್ನು ಕಸದ ಬುಟ್ಟಿಗೆ ಎಸೆಯಬೇಡಿ; ಗಟ್ಟಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ ಆಸ್ಪತ್ರೆಗೆ ಒಪ್ಪಿಸಿರಿ. ಕಸ ಎತ್ತುವ ಪೌರಕಾರ್ಮಿಕನಿಗೂ ಮನೆಯಲ್ಲಿ ಮಕ್ಕಳಿದ್ದಾರೆ.

ರೋಗಿಗಳ ಆರೋಗ್ಯವಾದ ಲೂರ್ದು ಮಾತೆ ನಮ್ಮ ರೋಗಿಗಳಿಗಾಗಿಯೂ, ಅವರ ಗಾಯಗಳನ್ನು ತೊಳೆಯುವ ಕೈಗಳಿಗಾಗಿಯೂ ತಮ್ಮ ಪುತ್ರನಲ್ಲಿ ಬಿನ್ನವಿಸಲಿ. ಆಮೆನ್.