ಆತಂಕ: ದೌರ್ಬಲ್ಯವಲ್ಲ, ದೇಹದ ಪುರಾತನ ಕಾವಲು



ಎಲೆಕ್ಟ್ರಾನಿಕ್ ಸಿಟಿಯ ನೆರೆಯ ನಮ್ಮ ಸಿಂಗಸಂದ್ರದಲ್ಲಿ ಗೃಹಸಾಲ, ರಾತ್ರಿಪಾಳಿ, ಉದ್ಯೋಗದ ಅನಿಶ್ಚಿತತೆಗಳ ನಡುವೆ ಬಾಳುವ ಅನೇಕರನ್ನು ಆತಂಕ ಕಾಡುತ್ತದೆ. ಕಾರಣವಿಲ್ಲದೆ ಎದೆ ಬಡಿದುಕೊಳ್ಳುವುದು, ಕೈ ಬೆವರುವುದು, ನಿದ್ರೆ ಬಾರದಿರುವುದು ಇವನ್ನು ಮನೋದೌರ್ಬಲ್ಯವೆಂದೋ, ಭಕ್ತಿಯ ಕೊರತೆಯೆಂದೋ ಭಾವಿಸಿ ಮುಚ್ಚಿಡುವವರಿದ್ದಾರೆ. ಈ ಭಾವನೆ ಸರಿಯಲ್ಲವೆಂಬುದನ್ನು ಜೀವವಿಕಾಸ ವಿಜ್ಞಾನದ ಬೆಳಕಿನಲ್ಲಿ ತಿಳಿಸಬಯಸುತ್ತೇವೆ.

ಭಯವು ಜೀವಿಯ ಕಾವಲುಗಾರ. ಬಂಡೀಪುರದ ಕಾಡಿನಲ್ಲಿ ಚಿರತೆಯ ಸುಳಿವು ಸಿಕ್ಕೊಡನೆ ಮುಸುವಗಳು ಕೂಗಿ ಎಚ್ಚರಿಸುತ್ತವೆ. ಅಪಾಯ ಕಂಡಾಗ ಹೃದಯಬಡಿತ ಏರಿ, ರಕ್ತವು ಸ್ನಾಯುಗಳತ್ತ ಹರಿದು, ದೇಹವು ಓಡಲು ಅಥವಾ ಹೋರಾಡಲು ಅಣಿಯಾಗುತ್ತದೆ. ಹೀಗೆ ಬೇಗನೆ ಎಚ್ಚೆತ್ತ ಪೂರ್ವಿಕರು ಬದುಕುಳಿದರು; ಆ ಸ್ವಭಾವ ನಮಗೆ ಬಳುವಳಿಯಾಗಿ ಬಂದಿತು. ಚಾರ್ಲ್ಸ್ ಡಾರ್ವಿನ್ 1872ರ ತಮ್ಮ ಗ್ರಂಥದಲ್ಲಿ ಒಂದು ಪ್ರಸಂಗವನ್ನು ಬರೆದಿದ್ದಾರೆ. ಮೃಗಾಲಯದಲ್ಲಿ ದಪ್ಪ ಗಾಜಿನ ಆಚೆ ವಿಷಸರ್ಪವಿತ್ತು. ಹಿಂದೆ ಸರಿಯಲಾರೆನೆಂದು ಸಂಕಲ್ಪಿಸಿ ಅವರು ಗಾಜಿನ ಬಳಿ ಮುಖವಿಟ್ಟು ನಿಂತರು. ಹಾವು ಎರಗಿದೊಡನೆ ಸಂಕಲ್ಪ ಮುರಿದು ಹಿಂದಕ್ಕೆ ಜಿಗಿದರು. ಮಹಾವಿಜ್ಞಾನಿಯ ಬುದ್ಧಿಗೂ ನಿಲುಕದಷ್ಟು ವೇಗ ಭಯಕ್ಕಿದೆ.

ಅಮೆರಿಕದ ಮನೋವೈದ್ಯ ರ‍್ಯಾಂಡಾಲ್ಫ್ ನೆಸ್ಸಿ ಇದನ್ನು ಹೊಗೆ ಕಂಡರೆ ಕೂಗುವ ಗಂಟೆಗೆ ಹೋಲಿಸುತ್ತಾರೆ. ಅಡುಗೆಮನೆಯಲ್ಲಿ ದೋಸೆ ಸೀದಾಗಲೂ ಅದು ಕೂಗಿದರೆ ಕ್ಷಣಕಾಲದ ಕಿರಿಕಿರಿ ಮಾತ್ರ; ಬೆಂಕಿ ಬಿದ್ದಾಗ ಕೂಗದಿದ್ದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಸುಳ್ಳು ಎಚ್ಚರಿಕೆಗಳು ಈ ವ್ಯವಸ್ಥೆಯ ಸಹಜ ಭಾಗ.

ಹಾಗೆಂದು ಆತಂಕದ ಕಾಯಿಲೆಯೂ ಉಪಕಾರಿಯೆಂದು ತಿಳಿಯಬಾರದು. ಚಿರತೆ ಕೆಲವು ನಿಮಿಷಗಳಲ್ಲಿ ಮರೆಯಾಗುತ್ತದೆ. ಸಾಲದ ಕಂತು, ಕೆಲಸದ ಚಿಂತೆ ತಿಂಗಳುಗಟ್ಟಲೆ ಉಳಿಯುತ್ತವೆ. ಕಾಡಿಗೆ ಹೊಂದಿದ ಗಂಟೆ ನಗರದಲ್ಲಿ ನಿಲ್ಲದೆ ಬಾರಿಸಬಹುದು. ವಂಶವಾಹಿ, ಬಾಲ್ಯದ ಅನುಭವಗಳಿಂದ ಕೆಲವರಲ್ಲಿ ಅದು ಹೆಚ್ಚು ಸೂಕ್ಷ್ಮವಾಗಿರುತ್ತದೆ. ನಿದ್ರೆ, ದುಡಿಮೆ, ಸಂಸಾರಗಳು ಕೆಡುವಷ್ಟಾದರೆ ಅದಕ್ಕೆ ಚಿಕಿತ್ಸೆ ಅಗತ್ಯ.

ಹೆದರಿದ್ದನ್ನು ಸದಾ ತಪ್ಪಿಸಿಕೊಂಡರೆ ಭಯ ಬಲಿಯುತ್ತದೆ. ತಜ್ಞರ ನೆರವಿನಿಂದ ಹಂತಹಂತವಾಗಿ ಎದುರಿಸಿದರೆ, ಅಪಾಯವಿಲ್ಲವೆಂಬುದನ್ನು ಮನಸ್ಸು ಕಲಿಯುತ್ತದೆ. ಅಗತ್ಯವಿದ್ದವರಿಗೆ ಔಷಧಿಯೂ ಉಂಟು. ಎದೆನೋವು, ಉಸಿರಾಟದ ತೊಂದರೆ ಕಂಡರೆ ಆತಂಕವೆಂದು ನಾವೇ ತೀರ್ಮಾನಿಸದೆ ಮೊದಲು ವೈದ್ಯರಿಗೆ ತೋರಿಸಬೇಕು.

ನಮ್ಮ ಹೊಸೂರು ರಸ್ತೆಯಲ್ಲಿಯೇ ನಿಮ್ಹಾನ್ಸ್ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಪೂಜೆ, ಧ್ಯಾನಗಳು ಮನಸ್ಸಿಗೆ ನೆಮ್ಮದಿ ನೀಡುತ್ತವೆ. ಆದರೆ ಅವು ಚಿಕಿತ್ಸೆಗೆ ಬದಲಿಯಲ್ಲ. ಮನೆಯ ಹಿರಿಯರು "ಧೈರ್ಯ ತಂದುಕೋ" ಎಂದು ಗದರದೆ, ಜೊತೆಗೆ ಕರೆದುಕೊಂಡು ಹೋಗಬೇಕೆಂದು ವಿನಂತಿಸುತ್ತೇವೆ.