ತಾಳದ ಪೆಟ್ಟಿಗೆ ಯಾರಿಗೂ ಕಾಯುವುದಿಲ್ಲ

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ನಮ್ಮ ಕಡೆ ನಗೆಯಾಡುವುದುಂಟು. ಈ ಬಿಸಿಲಿನಲ್ಲಿ ಹಪ್ಪಳ, ಸಂಡಿಗೆ ಒಣಗಿಸಲು ಏನೂ ಚಿಂತೆಯಿಲ್ಲ. ಆದರೆ ಮನೆಯಲ್ಲಿ ತಂಬೂರಿ ಇಟ್ಟುಕೊಂಡವರನ್ನು ಕೇಳಿ ನೋಡಿ! ಬೆಳಿಗ್ಗೆ ಕೂಡಿಸಿದ ಶ್ರುತಿ ಮಧ್ಯಾಹ್ನಕ್ಕೆ ಇರುವುದಿಲ್ಲ. ತಬಲಾದ್ದೂ ಅದೇ ಪಾಡು, ಹಾಡುವುದಕ್ಕೆ ಮೊದಲು ಸುತ್ತಿಗೆಯ ಟಕ್ ಟಕ್ ಮುಗಿಯುವುದೇ ಇಲ್ಲ. ಊಟದ ಪಾತ್ರೆ ತೊಳೆದಿಟ್ಟು, ಮಕ್ಕಳು ಶಾಲೆಯಿಂದ ಬರುವುದರೊಳಗೆ ಸಿಗುವ ಒಂದು ತಾಸಿನಲ್ಲಿ ಹಾಡಿಕೊಳ್ಳುವ ನಮ್ಮಂಥವರಿಗೆ ಅರ್ಧ ತಾಸು ಶ್ರುತಿಗೇ ಹೋದರೆ ಹಾಡುವುದು ಯಾವಾಗ?

ಈ ತೊಂದರೆಗೆ ಪರಿಹಾರ ಹೊರಟದ್ದು ನಮ್ಮ ಬೆಂಗಳೂರಿನಿಂದಲೇ ಎಂಬುದು ಎಷ್ಟು ಜನ ಸೋದರಿಯರಿಗೆ ಗೊತ್ತು? ಜಿ. ರಾಜ್ ನಾರಾಯಣ್ ಎಂಬ ಎಂಜಿನಿಯರು 1979ರಲ್ಲಿ ವಿದ್ಯುತ್ ಶ್ರುತಿಪೆಟ್ಟಿಗೆಯನ್ನು ತಯಾರಿಸಿದರು. ಅವರು ಬರೀ ಎಂಜಿನಿಯರಲ್ಲ, ಕೊಳಲು ನುಡಿಸುವವರು. ಅಡಿಗೆ ಮಾಡಿ ಗೊತ್ತಿದ್ದವರೇ ಒಲೆ ಕಟ್ಟಿದ ಹಾಗಾಯಿತು ನೋಡಿ! ಅವರ ರಾಡೆಲ್ ಸಂಸ್ಥೆಯಿಂದ ಮುಂದೆ ತಂಬೂರಿ ಪೆಟ್ಟಿಗೆ, ‘ತಾಲಮಾಲಾ’ ಎಂಬ ತಬಲಾ ಪೆಟ್ಟಿಗೆ, ವಿದ್ಯುತ್ ವೀಣೆ ಎಲ್ಲ ಬಂದವು. ಈಗ ಅದೇ ಕೆಲಸ ಮಾಡುವ ಆ್ಯಪ್‌ಗಳು ಮೊಬೈಲಿನಲ್ಲೇ ಸಿಗುತ್ತವೆ. ಸ್ವಿಚ್ ಒತ್ತಿದರೆ ಸಾಕು, ತಂಬೂರಿ ಮಿಡಿಯುತ್ತದೆ, ತೀನತಾಲ ಶುರುವಾಗುತ್ತದೆ.

ನಾನು ಕಲಿತಿದ್ದು ಎಸ್.ಎಸ್.ಎಲ್.ಸಿ.ವರೆಗೆ. ಸಂಗೀತ ಕಲಿತದ್ದು ತವರಿನಲ್ಲಿ ನಾಲ್ಕು ವರ್ಷ, ಅದೂ ಮದುವೆಯಾದ ಮೇಲೆ ಮೂಲೆ ಸೇರಿತ್ತು. ಮಗಳು ಹಾಸ್ಟೆಲಿಗೆ ಹೋದ ವರ್ಷ ಅವಳ ಕೀಬೋರ್ಡು ಬೀರುವಿನ ಮೇಲಿಂದ ಕೆಳಗಿಳಿಯಿತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ನುಡಿಸುತ್ತಿದ್ದೆ. ನನಗೆ ಸಂಗೀತ, ಹೊರಗಿನವರಿಗೆ ಬರೀ ಪ್ಲಾಸ್ಟಿಕ್ಕಿನ ಟಕಟಕ! ನಮ್ಮ ಅತ್ತೆಯವರು ಒಂದು ದಿನ, “ಅಲ್ಲವ್ವ, ಈ ವಯಸ್ಸಿಗೆ ಟೈಪಿಂಗ್ ಕಲಿಯಾಕ ಹತ್ತೀಯೇನು?” ಎಂದು ಕೇಳಿದರು.

ಹೆಡ್‌ಫೋನ್ ಗೃಹಿಣಿಗೆ ವರವೇ ಸರಿ, ಯಾರ ನಿದ್ದೆಯೂ ಕೆಡುವುದಿಲ್ಲ. ಆದರೆ ಯಾರೂ ಕೇಳದ ಸಂಗೀತಕ್ಕೆ ಯಾರೂ ತಿದ್ದುವವರಿಲ್ಲ. ಪೆಟ್ಟಿಗೆಯ ತಾಳ, ಪೆಟ್ಟಿಗೆಯ ಶ್ರುತಿ, ನಡುವೆ ನಾನೊಬ್ಬಳೇ. ಎರಡು ವರ್ಷ ಸಿನಿಮಾ ಹಾಡುಗಳನ್ನು ಇದ್ದದ್ದಿದ್ದ ಹಾಗೆ ನುಡಿಸಿ, ಎಲ್ಲ ಬಂತು ಅಂದುಕೊಂಡಿದ್ದಾಯಿತು. ನಾಲ್ಕು ಜನರ ಮುಂದೆ ಕೂತ ಮೇಲೆಯೇ ನನ್ನ ನಿಜವಾದ ಕಲಿಕೆ ಶುರುವಾದದ್ದು.

ಜನರ ಮುಂದೆ ಕೂಡುವುದೆಂದರೆ ನಮ್ಮಲ್ಲಿ ಎಷ್ಟು ಹೆಂಗಸರಿಗೆ ಎದೆ ಡವಡವ ಅನ್ನುತ್ತದೆ! “ನಾವೇನು ಕಲಾವಿದರಾ, ಸುಮ್ಮನೆ ಹವ್ಯಾಸ” ಎಂದು ನಾವೇ ನಮ್ಮನ್ನು ಹಗುರ ಮಾಡಿಕೊಳ್ಳುತ್ತೇವೆ. ಹವ್ಯಾಸಿ ಎಂದರೆ ಹಗುರವೇ? ನಮ್ಮ ಬಳ್ಳಾರಿ ರಾಘವರು (1880–1946) ವೃತ್ತಿಯಿಂದ ವಕೀಲರು, ನಾಟಕ ಅವರ ಹವ್ಯಾಸ. ಆ ಹವ್ಯಾಸದಿಂದಲೇ ಅವರ ಹೆಸರು ಇವತ್ತಿಗೂ ಊರಿನ ರಾಘವ ಕಲಾಮಂದಿರದ ಮೇಲಿದೆ. ಗಂಡಸರೇ ಸೀರೆ ಉಟ್ಟು ಸ್ತ್ರೀಪಾತ್ರ ಮಾಡುತ್ತಿದ್ದ ಕಾಲದಲ್ಲಿ, ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕು ಎಂದು ಹಟ ಹಿಡಿದವರು ಅವರು. 2020ರಲ್ಲಿ ತೀರಿಕೊಂಡ ಸುಭದ್ರಮ್ಮ ಮನ್ಸೂರ್ ಇದೇ ಊರಿನಲ್ಲಿದ್ದು ರಂಗಗೀತೆ ಹಾಡಿದವರು. ಇಂಥ ಊರಿನಲ್ಲಿದ್ದೂ ನಾವು ನಾಚಿಕೊಂಡು ಕೂಡುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ನನ್ನನ್ನು ಮೊದಲು ಕರೆದದ್ದು ಕುರುಗೋಡಿನ ಪರಿಚಯದವರು, ಶ್ರಾವಣದ ಭಜನೆಗೆ. ದೊಡ್ಡ ಬಸವೇಶ್ವರನ ದರ್ಶನ ಮಾಡಿಕೊಂಡು, ಕೀಬೋರ್ಡು, ತಾಳದ ಪೆಟ್ಟಿಗೆ ಹೊಂದಿಸಿ ಅವರ ಮನೆಯ ಪಡಸಾಲೆಯಲ್ಲಿ ಕೂತೆ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ತತ್ವಪದ ಎತ್ತಿಕೊಂಡರು. ಏನು ಕಂಠ ಅಂತೀರಿ! ಸಾಲಿನ ಕೊನೆಯ ಅಕ್ಷರವನ್ನು ಉಸಿರಿರುವಷ್ಟು ಹೊತ್ತು ಎಳೆದು, ಮತ್ತೆ ಉಸಿರು ತುಂಬಿಕೊಂಡು ಮುಂದಿನ ಸಾಲಿಗೆ ಬರುವ ಪದ್ಧತಿ ಅವರದು. ಪೆಟ್ಟಿಗೆ ಅಷ್ಟರಲ್ಲಿ ಎರಡು ಮಾತ್ರೆ ಮುಂದೆ ಹೋಗಿರುತ್ತಿತ್ತು. ಮೂರು ಸಲ ಹೀಗಾದ ಮೇಲೆ ಅಜ್ಜಿ ಹಾಡು ನಿಲ್ಲಿಸಿ, “ತಂಗಿ, ನಿನ್ನ ಪೆಟ್ಟಿಗಿಗೆ ಎಲ್ಲಿಗೋ ಹೋಗೋ ಅವಸರ ಐತಿ. ಅದನ್ನ ಕಳಿಸಿಬಿಡು, ನಾವು ಆಮ್ಯಾಲೆ ಬರ್ತೀವಿ” ಎಂದರು. ಇಡೀ ಪಡಸಾಲೆ ನಕ್ಕಿತು, ನಾನೂ ನಕ್ಕು ಪೆಟ್ಟಿಗೆ ಆರಿಸಿದೆ.

ಆರಿಸಿದ ಮೇಲೆ ಗೊತ್ತಾಯಿತು, ಅಜ್ಜಿಗೆ ತಾಳ ಇಲ್ಲದಿರಲಿಲ್ಲ. ಅವರ ತಾಳ ಅವರ ಉಸಿರಿನಲ್ಲಿತ್ತು. ಅವರ ಬಾಯಿ, ಭುಜ ನೋಡುತ್ತಾ ಹಿಂದಿನಿಂದ ಮೆಲ್ಲಗೆ ಸ್ವರ ಹಿಡಿಯುತ್ತಾ ಹೋದೆ. ಯಂತ್ರದ ಜೊತೆ ನುಡಿಸುವಾಗ ನಾವು ಎಣಿಸುತ್ತೇವೆ, ಮನುಷ್ಯರ ಜೊತೆ ನುಡಿಸುವಾಗ ನೋಡಬೇಕಾಗುತ್ತದೆ. ಅಂದಿನಿಂದ ಮನೆಯ ಖರ್ಚಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಪ್ರತಿ ಕಾರ್ಯಕ್ರಮವನ್ನೂ ಬರೆದಿಡುತ್ತೇನೆ. ಯಾವ ಊರು, ಯಾವ ಪದ, ಯಾರ ಶ್ರುತಿ ಯಾವುದು, ವೇಗ ಎಷ್ಟು ಎಂದು. ಒಂದೇ ಪದ ಮನೆಯಲ್ಲಿ ನಿಮಿಷಕ್ಕೆ 72 ಇದ್ದದ್ದು ಕುರುಗೋಡಿನಲ್ಲಿ 60ಕ್ಕೆ ಇಳಿದಿತ್ತು, ಅದೇ ಚೆನ್ನಾಗಿತ್ತು ಕೂಡ.

ಸಿರುಗುಪ್ಪದ್ದು ಬೇರೆಯೇ ಕಥೆ. ನವರಾತ್ರಿಯ ಕಾರ್ಯಕ್ರಮ, ಇಪ್ಪತ್ತು ಹೆಂಗಸರ ಮೇಳ, ನಡುವೆ ಕರೆಂಟು ಹೋಯಿತು. ಮೈಕು, ತಂಬೂರಿ ಪೆಟ್ಟಿಗೆ, ಕೀಬೋರ್ಡು ಎಲ್ಲ ಒಮ್ಮೆಗೇ ಸುಮ್ಮನಾದವು. ಹೆಂಗಸರು ಸುಮ್ಮನಾಗಲಿಲ್ಲ! ಚಪ್ಪಾಳೆ ತಟ್ಟುತ್ತಾ ಹಾಡು ಮುಂದುವರಿಸಿದರು. ನಾನು ಕತ್ತಲಲ್ಲೇ ಕೀಬೋರ್ಡಿಗೆ ಸೆಲ್ಲು ಹಾಕಿ ಮೆಲ್ಲಗೆ ಷಡ್ಜ ಒತ್ತಿ ನೋಡಿದರೆ ಕೂಡುತ್ತಿಲ್ಲ. ಆಧಾರ ಶ್ರುತಿ ನಿಂತ ಮೇಲೆ, ಹುರುಪಿನಲ್ಲಿ ಅವರೆಲ್ಲ ಕರಿ ನಾಲ್ಕರಿಂದ ಅರ್ಧ ಸ್ವರ ಮೇಲೇರಿಬಿಟ್ಟಿದ್ದರು. ಹಾಡು ನಿಲ್ಲಿಸಿ ‘ನೀವು ಶ್ರುತಿ ಬಿಟ್ಟಿದ್ದೀರಿ’ ಎನ್ನಬಹುದಿತ್ತು. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಎಂಬ ಗುಂಡಿಯಿರುತ್ತದೆ. ಒಂದು ಸಲ ಒತ್ತಿದರೆ ಇಡೀ ವಾದ್ಯ ಅರ್ಧ ಸ್ವರ ಏರುತ್ತದೆ, ಬೆರಳು ಬದಲಿಸಬೇಕಿಲ್ಲ. ಒತ್ತಿ ಅವರಿದ್ದಲ್ಲಿಗೇ ಹೋಗಿ ಸೇರಿಕೊಂಡೆ. ಹಾಡು ಮುಗಿಯುವವರೆಗೆ ಯಾರಿಗೂ ತಿಳಿಯಲಿಲ್ಲ. ನನಗೆ ಮಾತ್ರ ಅಂದು ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಸಂತೋಷ.

ಬಳ್ಳಾರಿಯಲ್ಲಿ ಒಂದು ಕಡೆ ಹಿರಿಯ ಹಾರ್ಮೋನಿಯಂ ಮಾಸ್ತರೊಬ್ಬರು “ಕರೆಂಟಿನ ಸಂಗೀತದ ಪಕ್ಕ ನಾ ಕೂಡಂಗಿಲ್ಲ” ಎಂದು ಎದ್ದುಹೋದರು. ಆಗ ಬೇಸರವಾಯಿತು. ಆದರೆ ಅವರ ಹಾರ್ಮೋನಿಯಂ ಕೂಡ ಪರದೇಶದಿಂದ ಬಂದದ್ದೇ ಅಲ್ಲವೇ? ಅದರಲ್ಲಿ ಮೀಂಡ್ ಬರುವುದಿಲ್ಲ, ಸ್ವರಗಳು ನಮ್ಮ ಶ್ರುತಿಗೆ ಹೊಂದುವುದಿಲ್ಲ ಎಂಬ ವಾದದ ಮೇಲೆ ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಇಂದು ಹಾರ್ಮೋನಿಯಂ ಇಲ್ಲದ ಭಜನೆ, ನಾಟಕ ಉಂಟೇ?

ಹಾಗೆಂದು ಆ ವಾದ ಪೂರ್ತಿ ಸುಳ್ಳೂ ಅಲ್ಲ, ಸೋದರಿಯರೇ. ಕೀಬೋರ್ಡಿನ ಶುದ್ಧ ಗಾಂಧಾರ ಕೂದಲೆಳೆಯಷ್ಟು ಮೇಲಿರುತ್ತದೆ. ಒಂದು ಬಿಳಿ ಪಟ್ಟಿಗೂ ಪಕ್ಕದ ಕರಿ ಪಟ್ಟಿಗೂ ಇರುವ ಅಂತರವನ್ನು 100 ಪಾಲು ಮಾಡಿದರೆ, ಅದರಲ್ಲಿ ಸುಮಾರು 14 ಪಾಲು ಹೆಚ್ಚು. ತಂಬೂರಿಯ ಷಡ್ಜದ ತಂತಿಯಿಂದ ಗಾಂಧಾರ ತಾನಾಗಿ ಹೊಮ್ಮುತ್ತದಲ್ಲ, ಅದರ ಪಕ್ಕ ಕೀಬೋರ್ಡಿನ ಗಾಂಧಾರ ಹಿಡಿದು ನಿಂತರೆ ಕಿವಿಗೆ ಸಣ್ಣ ಕಲ್ಲು ಸಿಕ್ಕ ಅನ್ನದ ಹಾಗೆ. ಇದನ್ನು ತಿಳಿದ ಮೇಲೆ ನಾನು ಗಾಂಧಾರದ ಮೇಲೆ ನಿಲ್ಲುವುದನ್ನೇ ಬಿಟ್ಟೆ, ಮುಟ್ಟಿ ಮುಂದೆ ಹೋಗುತ್ತೇನೆ. ಎಡಗೈ ಬಳಿ ಸ್ವರ ಬಗ್ಗಿಸುವ ಗಾಲಿ ಇರುವ ಕೀಬೋರ್ಡಾದರೆ ಸ್ವಲ್ಪ ಜಾರಿಸಲೂಬಹುದು. ನಮ್ಮ ಗುಂಪಿಗಾಗಿ ಅಕ್ಕಮಹಾದೇವಿಯ ಒಂದು ವಚನಕ್ಕೆ ಭೂಪ್ ರಾಗದಲ್ಲಿ ನಾನೇ ದಾಟಿ ಹಾಕಿದಾಗ ಹುಟ್ಟಿದ್ದು ಇದೇ ಕೊರತೆಯಿಂದ. ನಿಲ್ಲಬೇಕಾದ ಜಾಗಗಳನ್ನೆಲ್ಲ ಪಂಚಮಕ್ಕೆ, ಷಡ್ಜಕ್ಕೆ ಕೊಟ್ಟೆ. ಗಾಂಧಾರವನ್ನು ಹಾಡುವವರ ಕಂಠಕ್ಕೇ ಬಿಟ್ಟು, ಅಲ್ಲಿ ನಾನು ಕೈ ಎತ್ತಿಬಿಡುತ್ತೇನೆ. ಸಿನಿಮಾ ಹಾಡಿನ ನಕಲಿನಿಂದ ನನ್ನದೇ ಒಂದು ದಾಟಿಗೆ ಬರಲು ಐದು ವರ್ಷ ಹಿಡಿಯಿತು. ಆ ದಾಟಿಯನ್ನು ಸಿರುಗುಪ್ಪದವರು ಈಗ ನನ್ನನ್ನು ಕೇಳದೆಯೇ ಹಾಡಿಕೊಳ್ಳುತ್ತಾರಂತೆ!

ಇಂಥ ವಾದ್ಯಗಳ ಹಿಂದೆ ಬಿದ್ದವರು ನಾವೊಬ್ಬರೇ ಅಲ್ಲ. 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಮೂಗ್ ಎಂಬ ಸಿಂಥಸೈಜರ್ ಬಂದಿತ್ತು. ಅಲ್ಲಿ ಅದಕ್ಕೆ ಬೆಂಬಲವಾಗಿದ್ದವರಲ್ಲಿ ಗೀತಾ ಸಾರಾಭಾಯಿ ಒಬ್ಬರು. 1946ರಲ್ಲಿ ಅಮೆರಿಕಕ್ಕೆ ಹೋಗಿ ಜಾನ್ ಕೇಜ್ ಎಂಬ ಸಂಗೀತಗಾರರಿಗೆ ನಮ್ಮ ಸಂಗೀತದ ಪಾಠ ಹೇಳಿದ ಧೀರೆ! ಮುಂಬಯಿಯ ಚರಣ್‌ಜಿತ್ ಸಿಂಗ್ ಸಿನಿಮಾ ವಾದ್ಯವೃಂದದಲ್ಲಿದ್ದವರು. 1982ರಲ್ಲಿ ಹತ್ತು ರಾಗಗಳನ್ನು ಸಿಂಥಸೈಜರಿನಲ್ಲಿ ನುಡಿಸಿ ಒಂದು ರೆಕಾರ್ಡು ತಂದರು, ಆಗ ಯಾರೂ ಕೊಳ್ಳಲಿಲ್ಲ. 2010ರಲ್ಲಿ ಅದು ಮತ್ತೆ ಹೊರಬಂದು ಹೆಸರಾಯಿತು. 2015ರಲ್ಲಿ ತೀರಿಕೊಳ್ಳುವ ಮೊದಲು, ಎಪ್ಪತ್ತರ ವಯಸ್ಸಿನಲ್ಲಿ ಅವರು ವಿದೇಶದ ವೇದಿಕೆಗಳಲ್ಲಿ ಎದುರಿಗೆ ಕೂತ ಜನರಿಗೆ ನುಡಿಸಿದರು. ‘ನಲವತ್ತಾಯಿತು, ಇನ್ನೇನು’ ಎನ್ನುವವರು ಇದನ್ನು ಕೇಳಬೇಕು.

ಒಂದು ವಿಷಯ ನನ್ನನ್ನು ಇಂದಿಗೂ ಕಾಡುತ್ತದೆ. ತಾಳದ ಪೆಟ್ಟಿಗೆ ಬಂದ ಮೇಲೆ ತಬಲಾದವರನ್ನು ಕರೆಯುವುದು ಕಡಿಮೆಯಾಗಿದೆ. “ಪೆಟ್ಟಿಗೆ ಇದೆಯಲ್ಲ, ಅವರಿಗೆ ಯಾಕೆ ದುಡ್ಡು?” ಎಂದು ಕಾರ್ಯಕ್ರಮ ಮಾಡುವವರೇ ಕೇಳುತ್ತಾರೆ. ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಮನೆಗೆ ಬಂದು ಯಾವ ತಬಲಾದವರೂ ಕೂಡುವುದಿಲ್ಲ, ಅಭ್ಯಾಸಕ್ಕೆ ಪೆಟ್ಟಿಗೆಯೇ ಬೇಕು. ಆದರೆ ಜನರ ಮುಂದೆ? ನಮ್ಮ ಓಣಿಯ ಒಬ್ಬ ಹುಡುಗ ತಬಲಾ ಕಲಿತಿದ್ದಾನೆ, ತಂದೆಯಿಲ್ಲ, ತಾಯಿ ಹೊಲಿಗೆ ಮಾಡುತ್ತಾಳೆ. ನಾನು ಒಪ್ಪಿಕೊಳ್ಳುವ ಕಾರ್ಯಕ್ರಮಕ್ಕೆ ಅವನಿಗೆ 500 ರೂಪಾಯಿ ಕೊಡಬೇಕೆಂದು ಮೊದಲೇ ಹೇಳುತ್ತೇನೆ. ಇಬ್ಬರು ಮೂವರು ಅದಕ್ಕೇ ನನ್ನನ್ನು ಕರೆಯುವುದನ್ನು ಬಿಟ್ಟರು. ಬಿಡಲಿ. ಅಜ್ಜಿ ಉಸಿರು ಎಳೆದರೆ ಆ ಹುಡುಗ ಕಾಯುತ್ತಾನೆ!

ನಿಮ್ಮಲ್ಲಿ ಯಾರಿಗಾದರೂ ಶುರುಮಾಡುವ ಮನಸ್ಸಿದ್ದರೆ ಕೀಬೋರ್ಡು 61 ಪಟ್ಟಿಗಳದ್ದು, ಅಂದರೆ ಐದು ಸಪ್ತಕದ್ದು ಇರಲಿ. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ನುಡಿಯುವಂಥದ್ದೇ ಆಗಬೇಕು. ಅದಿಲ್ಲದ್ದು ಆಟದ ಸಾಮಾನು. ಕ್ಯಾಸಿಯೋ, ಯಮಹಾದವರು ನಮ್ಮ ದೇಶಕ್ಕೆಂದೇ ತಬಲಾ, ತಂಬೂರಿ ದನಿ ಸೇರಿಸಿದ ಮಾದರಿಗಳನ್ನು ತಂದಿದ್ದಾರೆ. ಸೆಲ್ಲಿನ ಮೇಲೂ ನಡೆಯುತ್ತದೆಯೇ ಎಂದು ಅಂಗಡಿಯಲ್ಲೇ ಹಾಕಿಸಿ ನೋಡಿ. ಕಾರ್ಯಕ್ರಮವನ್ನು ಮೊಬೈಲಿನಲ್ಲಿ ರೆಕಾರ್ಡು ಮಾಡಿಕೊಂಡು ಮಾರನೆಯ ದಿನ ಸೊಪ್ಪು ಸೋಸುವಾಗ ಕೇಳಿ, ಅದೇ ದಿನ ಕೇಳಬೇಡಿ. ಇನ್ನು ಉದ್ದ ವೈರಿನ ಎಕ್ಸ್‌ಟೆನ್ಷನ್ ಬೋರ್ಡು ನಿಮ್ಮದೇ ಒಯ್ಯಿರಿ. ದೇವಸ್ಥಾನದಲ್ಲಿ ಪ್ಲಗ್ಗು ಇರುವುದು ಯಾವಾಗಲೂ ನಾವು ಕೂತದ್ದರ ಎದುರು ಗೋಡೆಯಲ್ಲೇ!