ನಾಯಿಗೆ ಸಾರನ್ನ ಹಾಕಬಹುದೇ?

ಪ್ರಶ್ನೆ: ನಾವು ಉಣ್ಣುವ ಸಾರನ್ನವನ್ನೇ ಸಾಕುನಾಯಿಗೂ ಹಾಕಿದರೆ ತೊಂದರೆಯೇ? ಬೀದಿನಾಯಿಗಳು ಅದನ್ನೇ ತಿಂದು ಗಟ್ಟಿಮುಟ್ಟಾಗಿವೆಯಲ್ಲ?

ಉತ್ತರ: ಅನ್ನದಿಂದ ತೊಂದರೆಯಿಲ್ಲ, ಸಾರಿನಿಂದ ಇದೆ. ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ. ಬೇಯಿಸಿದರೂ, ಒಣಗಿಸಿ ಪುಡಿ ಮಾಡಿದರೂ ಆ ಗುಣ ಹೋಗುವುದಿಲ್ಲ. ದಿನವೂ ಇಷ್ಟಿಷ್ಟು ಹೊಟ್ಟೆಗೆ ಸೇರುತ್ತಾ ಹೋದರೆ ಒಸಡು ಬಿಳಿಚಿಕೊಳ್ಳಬಹುದು, ಮೂತ್ರ ಕೆಂಪು-ಕಂದು ಬಣ್ಣಕ್ಕೆ ತಿರುಗಬಹುದು, ನಾಯಿ ಸುಸ್ತಾಗಿ ಬಿದ್ದುಕೊಳ್ಳಬಹುದು. ಇನ್ನು ಬೀದಿನಾಯಿಗಳ ಮಾತು: ಬದುಕಿ ಉಳಿದವನ್ನಷ್ಟೇ ನಾವು ನೋಡುವುದು, ಸತ್ತವು ಲೆಕ್ಕಕ್ಕೇ ಬರುವುದಿಲ್ಲ.

ಈರುಳ್ಳಿ, ಉಪ್ಪು-ಖಾರ ಬೀಳುವ ಮೊದಲೇ ನಾಯಿಯ ಪಾಲು ತೆಗೆದಿಡಿ. ಅನ್ನ ಅಥವಾ ರಾಗಿ ಮುದ್ದೆಗೆ ಬೇಯಿಸಿದ ಮೊಟ್ಟೆ ಇಲ್ಲವೇ ಮೂಳೆ ಬಿಡಿಸಿದ ಕೋಳಿ, ಒಂದಿಷ್ಟು ಕುಂಬಳಕಾಯಿ ಸೇರಿಸಿ. ಬೆಂದ ಕೋಳಿಮೂಳೆ ಸೀಳಿ ಕರುಳಿಗೆ ಚುಚ್ಚುವುದುಂಟು. ಬೆಳೆಯುವ ಮರಿಗೆ ಇಷ್ಟೇ ಸಾಲದು; ಕ್ಯಾಲ್ಸಿಯಂ ವಿಚಾರವನ್ನು ಪಶುವೈದ್ಯರಲ್ಲಿ ಕೇಳಿ.

ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಕುತ್ತು. ಚಾಕೊಲೇಟಿನ ಥಿಯೊಬ್ರೊಮಿನ್ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಸಕ್ಕರೆರಹಿತ ಚೂಯಿಂಗ್ ಗಮ್ಮಿನ ಕ್ಸೈಲಿಟಾಲ್ ಇನ್ನೂ ಅಪಾಯ. ಇವನ್ನು ತಿಂದದ್ದು ಕಂಡರೆ ಲಕ್ಷಣಗಳಿಗಾಗಿ ಕಾಯದೆ ವೈದ್ಯರಿಗೆ ಫೋನ್ ಮಾಡಿ, ಪೊಟ್ಟಣವನ್ನೂ ಜೊತೆಗೊಯ್ಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಮಾತ್ರ ಹೋಗಬೇಡಿ.